‘ಆರಾಧನೆ ನೋಡಿದೆವು’ ಅನ್ನಬಹುದೇ? ‘ವರ್ಶಿಪ್ ಲೀಡರ್’ಗೆ ಏನನ್ನೋಣ?

ನಮಸ್ಕಾರ. ಚರ್ಚಿನ ಮೀಡಿಯಾ ತಂಡದವರಿಗಾಗಿ ಕನ್ನಡದಲ್ಲೊಂದು ಸಣ್ಣ ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ಕ್ಯಾಮೆರಾ, ಮಿಕ್ಸರ್, ಎಲ್‌ಇಡಿ ಪರದೆ ಇವೆಲ್ಲ ಹಾಗೇ ಇರಲಿ, ಯಾರಿಗೂ ತೊಡಕಿಲ್ಲ. ತೊಡಕಾಗಿರುವುದು ಜನರನ್ನು ಕರೆಯುವ ಪದಗಳಲ್ಲಿ, ಅವರು ಮಾಡುವ ಕೆಲಸಕ್ಕೆ ಬಳಸುವ ಕ್ರಿಯಾಪದಗಳಲ್ಲಿ.

2020ರ ಲಾಕ್‌ಡೌನ್‌ನಲ್ಲಿ ಭಾನುವಾರದ ಆರಾಧನೆ ಯೂಟ್ಯೂಬಿಗೆ ಬಂದಿತಲ್ಲ, ಆಮೇಲೆ ‘ಆರಾಧನೆ ನೋಡಿದ್ರಾ?’ ಎಂದು ಕೇಳುವುದು ರೂಢಿಯಾಗಿಬಿಟ್ಟಿದೆ. ಮುಂಚೆ ಆರಾಧನೆಗೆ ಹೋಗುತ್ತಿದ್ದೆವು, ಆರಾಧನೆ ಮಾಡುತ್ತಿದ್ದೆವು. ಕ್ರಿಯಾಪದ ಮಾಧ್ಯಮದ ಹಿಂದೆ ಹೋಗುವುದು ಸಹಜ, ಒಪ್ಪುತ್ತೇನೆ. 1921ರ ಜನವರಿ 2ರಂದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕ್ಯಾಲ್ವರಿ ಚರ್ಚಿನ ಆರಾಧನೆಯನ್ನು ಕೆಡಿಕೆಎ ರೇಡಿಯೋ ಬಿತ್ತರಿಸಿದಾಗ ಜನ ಅದನ್ನು ಕೇಳಿದರು. 1955ರಲ್ಲಿ ರಾಬರ್ಟ್ ಶುಲ್ಲರ್ ಎಂಬ ಪಾದ್ರಿ ಕ್ಯಾಲಿಫೋರ್ನಿಯಾದ ಡ್ರೈವ್-ಇನ್ ಥಿಯೇಟರೊಂದರಲ್ಲಿ ಬೋಧಿಸತೊಡಗಿದಾಗ ಜನ ಕಾರಿನಲ್ಲೇ ಕೂತು ನೋಡಿದರು, ಕೇಳಿದರು. ಕೊಂಕಣಿ ಕ್ಯಾಥೊಲಿಕರಲ್ಲಂತೂ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಕಾಲದಿಂದಲೂ ‘ಮೀಸ್ ಆಯ್ಕುಂಕ್’, ಅಂದರೆ ಪೂಜೆ ಕೇಳಲು ಹೋಗುವುದು ಎಂಬ ಮಾತೇ ಇದೆ.

ಆದರೂ ‘ವೀಕ್ಷಕರು’ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ. 1963ರಲ್ಲಿ ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನಾವಿಧಿಯ ಬಗ್ಗೆ ಹೊರಡಿಸಿದ ಶಾಸನದ ಒಂದು ಮುಖ್ಯ ಕಳಕಳಿಯೇ ವಿಶ್ವಾಸಿಗಳು ಪೂಜೆಯಲ್ಲಿ ಪರಕೀಯರಂತೆ, ಮೂಕಪ್ರೇಕ್ಷಕರಂತೆ ಇರಬಾರದು ಎಂಬುದು. ಜನರ ಭಾಷೆಯಲ್ಲಿ ಪೂಜೆಗೆ ದಾರಿ ತೆರೆದದ್ದೂ ಅದೇ ಶಾಸನ. ಅಷ್ಟು ದೂರ ಬಂದಮೇಲೆ ನಾವಾಗಿಯೇ ಜನರನ್ನು ಮತ್ತೆ ವೀಕ್ಷಕರನ್ನಾಗಿ ಮಾಡುವುದೇ? ಪ್ರಾಟೆಸ್ಟೆಂಟರಲ್ಲಿ ‘ಸಭೆ’ ಎಂದರೆ ಮೀಟಿಂಗ್ ಅಲ್ಲ, ಆ ಜನಸಮೂಹವೇ ಸಭೆ. ‘ಪ್ರಾರ್ಥನಾ ಕೂಟ’, ‘ಮನೆಕೂಟ’ಗಳಲ್ಲಿ ‘ಕೂಡು’ ಈಗಲೂ ಜೀವಂತವಾಗಿದೆ. ಹಾಗಾಗಿ ‘ಆನ್‌ಲೈನಿನಲ್ಲಿ ಕೂಡಿದವರು’ ಎಂದು ಬರೆದಿದ್ದೇನೆ. ತುಸು ಉದ್ದ, ಆದರೆ ಅರ್ಥ ಕೆಡುವುದಿಲ್ಲ.

ಇನ್ನು ‘ವರ್ಶಿಪ್ ಲೀಡರ್’, ಅಂದರೆ ವೇದಿಕೆಯಲ್ಲಿ ನಿಂತು ಜನರ ಹಾಡನ್ನು ಮುನ್ನಡೆಸುವವರು. ಬ್ಯಾಂಡ್ ಇರುವ ಚರ್ಚುಗಳಲ್ಲಿ ‘ವರ್ಶಿಪ್’ ಎಂದರೆ ಪ್ರಸಂಗಕ್ಕೆ (ಬೋಧನೆಗೆ) ಮುಂಚಿನ ಹಾಡಿನ ಹೊತ್ತು ಮಾತ್ರ. ಪ್ರಾರ್ಥನೆ, ವಾಚನ, ಪ್ರಸಂಗ, ಪ್ರಭುಭೋಜನ ಎಲ್ಲವನ್ನೂ ಒಳಗೊಂಡ ‘ಆರಾಧನೆ’ಯ ಅರ್ಥವ್ಯಾಪ್ತಿ ಅದಕ್ಕಿಲ್ಲ. ‘ಆರಾಧನಾ ನಾಯಕ’ ಎಂದರೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಸಾಲದ್ದಕ್ಕೆ, ನಾಯಕ ಎಂದೊಡನೆ ಕನ್ನಡದ ಕಿವಿಗೆ ಸಿನಿಮಾ ಕೇಳಿಸುತ್ತದೆ. ನನಗೆ ಹಿಡಿಸಿದ್ದು ‘ಹಾಡಿಸುವವರು’. ಹಾಡುವವರು ಬೇರೆ, ಹಾಡಿಸುವವರು ಬೇರೆ ಎಂಬುದನ್ನು ನಮ್ಮ ‘-ಇಸು’ ಪ್ರತ್ಯಯವೊಂದೇ ತೋರಿಸಿಕೊಡುತ್ತದಲ್ಲ!

ಈ ಅಂತರ ವೇದಿಕೆಯ ಮೇಲೆ ಕಣ್ಣಿಗೇ ಕಾಣುತ್ತದೆ. ಹಾಡಿಸುವವರ ಕಿವಿಯಲ್ಲಿ ಇನ್-ಇಯರ್ ಮಾನಿಟರ್ ಎಂಬ ಪುಟ್ಟ ಇಯರ್‌ಫೋನ್ ಇರುತ್ತದೆ. ಅದರಲ್ಲಿ ಕೀಬೋರ್ಡ್, ಕ್ಲಿಕ್ ಟ್ರ್ಯಾಕ್ (ತಾಳ ತಪ್ಪದಂತೆ ಕೇಳಿಸುವ ಟಿಕ್ ಟಿಕ್ ಸದ್ದು), ತಮ್ಮದೇ ದನಿ ಸ್ಪಷ್ಟವಾಗಿ ಕೇಳುತ್ತದೆ, ಎದುರಿಗಿರುವ ಜನರ ಹಾಡು ಮಾತ್ರ ಸರಿಯಾಗಿ ಕೇಳಿಸುವುದಿಲ್ಲ. ನೇರಪ್ರಸಾರದಲ್ಲೂ ಅಷ್ಟೇ, ವೇದಿಕೆಯ ಮೈಕುಗಳ ದನಿಯಷ್ಟೇ ಮನೆಗೆ ಹೋದರೆ ಅದು ಸಂಗೀತ ಕಛೇರಿಯ ರೆಕಾರ್ಡಿಂಗ್‌ನಂತೆ ಕೇಳುತ್ತದೆ. ಅದಕ್ಕೆಂದೇ ತಂತ್ರಜ್ಞರು ಜನರ ಕಡೆಗೆ ಮುಖಮಾಡಿದ ಒಂದೆರಡು ಮೈಕು ಇಡುತ್ತಾರೆ. ಅದರ ಹೆಸರು ‘ಆಡಿಯೆನ್ಸ್ ಮೈಕ್’, ಅಂದರೆ ಪ್ರೇಕ್ಷಕರ ಮೈಕ್! ಕೈಪಿಡಿಯಲ್ಲಿ ಅದನ್ನು ‘ಸಭೆಯ ಮೈಕ್’ ಮಾಡಿದ್ದೇನೆ, ಅದೊಂದರಲ್ಲಿ ನನಗೆ ಅನುಮಾನವಿಲ್ಲ.

ಉಳಿದವಕ್ಕೆ ನಿಮ್ಮ ನೆರವು ಬೇಕು. ‘ಹಾಡಿಸುವವರು’ ಎಂಬುದಕ್ಕೆ ಧಾರವಾಡ, ಬೆಟಗೇರಿ ಕಡೆಯ ಹಳೆಯ ಸಭೆಗಳಲ್ಲಿ ಬೇರೆ ಮಾತಿದೆಯೇ? ಕೋಲಾರ, ಕೆಜಿಎಫ್ ಕಡೆ ತಮಿಳಿನಿಂದ ಬಂದ ಪದವೇನಾದರೂ ಬಳಕೆಯಲ್ಲಿದೆಯೇ? ಕ್ಯಾಥೊಲಿಕ್ ಮನೆಗಳಲ್ಲಿ ಟಿವಿಯಲ್ಲಿ ಬರುವ ಬಲಿಪೂಜೆಗೆ ‘ನೋಡು’, ‘ಕೇಳು’, ‘ಭಾಗವಹಿಸು’ ಇವುಗಳಲ್ಲಿ ಯಾವುದನ್ನು ಆಡುತ್ತಾರೆ? ಬರೆದ ಕನ್ನಡಕ್ಕಿಂತ ಅಜ್ಜಿ-ಅಜ್ಜಂದಿರ ಬಾಯಲ್ಲಿ ಬರುವ ರೂಪ ಸಿಕ್ಕರೆ ಇನ್ನೂ ಒಳ್ಳೆಯದು, ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ.