ಪದ ಬೇಕು, ತುರ್ತು: ಕಾಲಿಮೇಶನ್, ಫೈಂಡರ್ ಅಲೈನ್‌ಮೆಂಟ್, ಪೋಲಾರ್ ಅಲೈನ್‌ಮೆಂಟ್ – ಮೂರಕ್ಕೂ ‘ಹೊಂದಾಣಿಕೆ’ಯೇ?

ಠಾಣೆಯಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಮುಂಬೈ ಪಕ್ಕದ ಠಾಣೆಯಲ್ಲಿ ನಮ್ಮ ಭಾನುವಾರದ ಮಕ್ಕಳ ಕನ್ನಡ ತರಗತಿಗೆ ಒಂದು ದೂರದರ್ಶಕ ಬಂದಿದೆ. ನ್ಯೂಟನ್ ಮಾದರಿ, 114 ಮಿ.ಮೀ. ಕನ್ನಡಿ, 900 ಮಿ.ಮೀ. ನಾಭಿದೂರ, ಈಕ್ವಟೋರಿಯಲ್ ಮೌಂಟು (ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ತಿರುಗುವ ಆಧಾರ), 25 ಮತ್ತು 10 ಮಿ.ಮೀ.ನ ಎರಡು ಐಪೀಸು (ಕಣ್ಣಿಡುವ ಗಾಜು). ಮುಕ್ಕಾಲಿಗೆ ತೂಗುಹಾಕಲು ಕನ್ನಡದ ಸೂಚನಾಫಲಕ ಬೇಕು, ನಾಳೆ ಸಂಜೆಯೊಳಗೆ ಫ್ಲೆಕ್ಸಿನವನಿಗೆ ಕಳಿಸಬೇಕು. ಕೈಪಿಡಿಯಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ: ಒಳಗಿನ ಎರಡು ಕನ್ನಡಿಗಳನ್ನು ಒಂದಕ್ಕೊಂದು ಸರಿಯಾಗಿ ಕೂರಿಸುವುದು (ಕಾಲಿಮೇಶನ್), ಗುರಿ ಹಿಡಿಯುವ ಫೈಂಡರನ್ನು ಕೊಳವೆ ನೋಡುವ ಕಡೆಗೇ ತಿರುಗಿಸುವುದು (ಫೈಂಡರ್ ಅಲೈನ್‌ಮೆಂಟ್), ಮೌಂಟಿನ ಅಕ್ಷವನ್ನು ಆಕಾಶದ ಉತ್ತರ ಧ್ರುವಕ್ಕೆ ಮುಖ ಮಾಡಿಸುವುದು (ಪೋಲಾರ್ ಅಲೈನ್‌ಮೆಂಟ್). ನನ್ನ ಅನುವಾದದಲ್ಲಿ ‘ಹೊಂದಾಣಿಕೆ ಮಾಡಿ, ನಂತರ ಹೊಂದಾಣಿಕೆ ಮಾಡಿ, ಕೊನೆಗೆ ಹೊಂದಾಣಿಕೆ ಮಾಡಿ’ ಎಂದಾಗಿದೆ. ಸಮ್ಮಿಶ್ರ ಸರಕಾರದ ಸುದ್ದಿ ಓದಿದಂತಿದೆ. ಮೂರು ಪದ ಕೊಡಿ.

ಮಾಟುಂಗಾದಿಂದ:

ಮೊದಲು ಕಾಲಿಮೇಶನ್. ಅದು ಪದವೇ ಅಲ್ಲ, ಅಪಪಾಠ. ಲ್ಯಾಟಿನ್ನಿನಲ್ಲಿ ಇದ್ದದ್ದು ‘ಕೊಲ್ಲಿನಿಯಾರೆ’, ಅಂದರೆ ಒಂದೇ ಗೆರೆಗೆ ತರುವುದು. ರೋಮಿನ ಸಿಸೆರೋನ ಬರಹವನ್ನು ಯಾರೋ ‘ಕೊಲ್ಲಿಮಾರೆ’ ಎಂದು ಓದಿದರು, ಖಗೋಳದವರು ಅದನ್ನೇ ಹಿಡಿದುಕೊಂಡರು. ಪರಭಾಷೆಯ ಓದಿನ ತಪ್ಪನ್ನು ನಾವೇಕೆ ಹೊರಬೇಕು? ಮೂಲಾರ್ಥಕ್ಕೆ ಹೋಗಿ ‘ಏಕರೇಖೀಕರಣ’ ಎನ್ನಿ. ಮುಗಿಯಿತು.

ಡೊಂಬಿವಲಿಯಿಂದ:

ಏಕರೇಖೀಕರಣ! ಮಕ್ಕಳು ಫಲಕ ಓದಿ ಮುಗಿಸುವಷ್ಟರಲ್ಲಿ ಶನಿ ಮುಳುಗಿರುತ್ತಾನೆ. ನಮ್ಮದೇ ‘ನೇರ್ಪಡಿಸು’ ಇದೆ. ‘ಕನ್ನಡಿ ನೇರ್ಪಡಿಕೆ’ ಎಂದರೆ ಸಾಕು.

ಪುಣೆಯಿಂದ:

ನೇರ್ಪಡಿಸೂದು ಅಂದ್ರ ಸೊಟ್ಟ ಇದ್ದದ್ದನ್ನ ನೆಟ್ಟಗ ಮಾಡೂದ್ರಿ. ಇಲ್ಲಿ ಚಿಕ್ಕ ಕನ್ನಡಿ 45 ಡಿಗ್ರಿ ಓರೆಯಾಗೇ ಇರಬೇಕು. ಅದನ್ನ ನೇರ್ಪಡಿಸಿದ್ರ ಏನೂ ಕಾಣಂಗಿಲ್ಲ.

ಪದ ಹುಡುಕುವ ಮೊದಲು ಕೆಲಸ ಏನೆಂದು ನೋಡೋಣ. ಐಪೀಸು ತೆಗೆದು, ನಟ್ಟನಡುವೆ ಸಣ್ಣ ತೂತಿರುವ ಮುಚ್ಚಳ ಹಾಕಿ ಇಣುಕಬೇಕು. ದೊಡ್ಡ ಕನ್ನಡಿಯನ್ನು ಹಿಡಿದಿರುವ ಮೂರೂ ಕ್ಲಿಪ್ಪುಗಳು ಕಾಣುವ ತನಕ ಚಿಕ್ಕ ಕನ್ನಡಿಯ ಸ್ಕ್ರೂ ತಿರುವಬೇಕು. ಆಗ ಕೊಳವೆ ಅಡ್ಡ ಮಲಗಿರಲಿ. ನೆಟ್ಟಗೆ ನಿಂತಿದ್ದರೆ ಕೈಜಾರಿದ ಸ್ಕ್ರೂಡ್ರೈವರ್ ಸೀದಾ ದೊಡ್ಡ ಕನ್ನಡಿಯ ಮೇಲೆ ಬೀಳುತ್ತದೆ. ಆಮೇಲೆ ತಳದ ಮೂರು ಸ್ಕ್ರೂ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ, ಚಿಕ್ಕ ಕನ್ನಡಿಯ ಕಪ್ಪು ಬಿಂಬ ನಡುವಿಗೆ ಬರುವ ತನಕ. ಒಂದನ್ನು ಮುಟ್ಟಿದರೆ ಉಳಿದೆರಡರದ್ದೂ ತಪ್ಪುತ್ತದೆ, ತಂಬೂರಿಯ ಹಾಗೆ. ಅದಕ್ಕೇ ನನ್ನ ಪದ ‘ಕನ್ನಡಿ ಶ್ರುತಿ’.

ರಾತ್ರಿ ಪರೀಕ್ಷೆಗೆ 10 ಮಿ.ಮೀ. ಐಪೀಸು (900ನ್ನು 10ರಿಂದ ಭಾಗಿಸಿ, 90 ಪಟ್ಟು) ಹಾಕಿ, ಸಾಧಾರಣ ಹೊಳಪಿನ ಒಂದು ಚುಕ್ಕಿಯನ್ನು ನಡುವಿಗೆ ತಂದು ಫೋಕಸ್ ತುಸು ಕೆಡಿಸಿ. ಬಳೆಬಳೆಯಾಗಿ ಹರಡುತ್ತದೆ. ಒಳಗಿನ ಕಪ್ಪು ಒಂದು ಬದಿಗೆ ಸರಿದಿದ್ದರೆ ಶ್ರುತಿ ಇನ್ನೂ ಕೂಡಿಲ್ಲ. ಕೊಳವೆಯನ್ನು ಹೊರಗಿಟ್ಟು ಅರ್ಧ ಗಂಟೆಯಾದರೂ ಆದ ಮೇಲೆ ನೋಡಿ, ಬಿಸಿ ಕನ್ನಡಿಯಲ್ಲಿ ಬಳೆ ಕುದಿಯುತ್ತಿರುತ್ತದೆ. ಅಂದ ಹಾಗೆ ನಿಮ್ಮದು ಎಫ್/8 (ನಾಭಿದೂರ ಕನ್ನಡಿಯ ಅಗಲದ ಸುಮಾರು ಎಂಟು ಪಟ್ಟು), ಚೂರುಪಾರು ತಪ್ಪಿದರೂ ಸಹಿಸುತ್ತದೆ. ಎಫ್/5 ಸಹಿಸುವುದಿಲ್ಲ. ಮಕ್ಕಳ ಫಲಕದಲ್ಲಿ ಈ ಸಾಲು ಬೇಕೇ ಅಂತ ವಿಚಾರ ಮಾಡ್ರಿ ಟೀಚರ್.

ಡೊಂಬಿವಲಿಯಿಂದ:

ಶ್ರುತಿಯೂ ಸಂಸ್ಕೃತವೇ.

ಪುಣೆಯಿಂದ:

ತಂಬೂರಿ ನುಡಿಸೋರನ್ನ ಕೇಳ್ರಿ, ಅವರು ಏನಂತಾರೋ ಅದ ಕನ್ನಡ.

ವಾಸ್ಕೊದಿಂದ:

ಫೈಂಡರಿಗೆ ನಾವು ‘ಗುರಿಗೊಳವೆ’ ಅನ್ನುತ್ತಿದ್ದೆವು. ಈಗ ಗಾಜಿನ ಮೇಲೆ ಕೆಂಪು ಚುಕ್ಕಿ ತೋರಿಸುವ ಫೈಂಡರುಗಳು ಬಂದಿವೆ, ಅವಕ್ಕೆ ಕೊಳವೆಯೇ ಇಲ್ಲ. ‘ಗುರಿಗಣ್ಣು’ ಎಂದರೆ ಎರಡಕ್ಕೂ ಸಲ್ಲುತ್ತದೆ. ಕೆಲಸಕ್ಕೆ ‘ಗುರಿ ಕೂಡಿಸು’. ಹಗಲಲ್ಲೇ ಮಾಡಿಸಿ: 25 ಮಿ.ಮೀ. ಐಪೀಸಿನಲ್ಲಿ ಒಂದು ಕಿಲೋಮೀಟರಾದರೂ ದೂರದ ಮೊಬೈಲ್ ಟವರಿನ ತುದಿಯನ್ನು ನಡುವಿಗೆ ತಂದು, ಎರಡೂ ಅಕ್ಷ ಬಿಗಿದು, ಆಮೇಲೆ ಗುರಿಗಣ್ಣಿನ ಸ್ಕ್ರೂ ಮಾತ್ರ ತಿರುವಿ ಅದೇ ತುದಿಗೆ ತರುವುದು. ಎದುರು ಬಿಲ್ಡಿಂಗಿನ ನೀರಿನ ಟ್ಯಾಂಕಿ ಹಿಡಿದರೆ ರಾತ್ರಿ ಚಂದ್ರನೂ ಸಿಗುವುದಿಲ್ಲ: ಗುರಿಗಣ್ಣಿಗೂ ಕೊಳವೆಗೂ ನಡುವೆ ನಾಲ್ಕು ಬೆರಳು ಅಂತರವಿದೆ, ಹತ್ತಿರದ ವಸ್ತುವಿಗೆ ಆ ಅಂತರವೇ ದೊಡ್ಡದಾಗುತ್ತದೆ. 10 ಮಿ.ಮೀ. ಹಾಕಿ ಇನ್ನೊಮ್ಮೆ ನೋಡಿ. ಕೆಂಪು ಚುಕ್ಕಿಯದಾದರೆ ಸ್ವಿಚ್ಚು ಆರಿಸಲು ಬರೆಯಿರಿ.

ಮೂರನೆಯದಕ್ಕೆ ‘ಧ್ರುವಕ್ಕೆ ನಿಲ್ಲಿಸು’. ಅಕ್ಷದ ಏರು ಊರಿನ ಅಕ್ಷಾಂಶದಷ್ಟು: ಠಾಣೆಗೆ 19 ಡಿಗ್ರಿ, ಪುಣೆಗೆ 18.5, ಗೋವಾದಲ್ಲಿ ನಮಗೆ 15.4. ಇಷ್ಟು ತಗ್ಗಿಸಿದಾಗ, ಕೊಳವೆಗೆ ಸಮತೂಕ ಕೊಡುವ ತೂಕದ ಸರಳು ಮುಕ್ಕಾಲಿಯ ಉತ್ತರದ ಕಾಲಿಗೆ ಬಡಿಯಬಹುದು. ಎರಡು ಕಾಲುಗಳ ನಡುವಿನ ಸಂದು ಉತ್ತರಕ್ಕೆ ಬರುವಂತೆ ತಿರುಗಿಸಿ ನಿಲ್ಲಿಸಿ. ಮೊಬೈಲಿನ ದಿಕ್ಸೂಚಿಯನ್ನು ಉಕ್ಕಿನ ಕಾಲಿನ ಪಕ್ಕ ಹಿಡಿದರೆ ಸುಳ್ಳು ಹೇಳುತ್ತದೆ, ಎರಡು ಹೆಜ್ಜೆ ಆಚೆ ಹೋಗಿ ನೋಡಿ.

ಮಾಟುಂಗಾದಿಂದ:

ಗುರಿಗಣ್ಣು ಪರವಾಗಿಲ್ಲ. ಆದರೆ ಫಲಕದ ತಲೆಬರಹದಲ್ಲಿ ದಯವಿಟ್ಟು ‘ದುರ್ಬೀನು’ ಬೇಡ. ಇಲ್ಲಿನ ಹುಡುಗರ ಬಾಯಲ್ಲಿ ಅದೇ ಇದೆ, ಮರಾಠಿಯ ಪ್ರಭಾವ.

ಪುಣೆಯಿಂದ:

ಮರಾಠಿಯದೂ ಅಲ್ರಿ ರಾಯರ, ಪಾರಸಿಯದು. ದೂರ್ ಅಂದ್ರ ದೂರ, ಬೀನ್ ಅಂದ್ರ ನೋಡೂದು. ನಿಮ್ಮ ದೂರದರ್ಶಕದ್ದೂ ಅದ ಅರ್ಥ, ಮ್ಯಾಲೆ ಟೀವಿ ಅಂತ ಬ್ಯಾರೆ ತಿಳ್ಕೋತಾರ.

ಡೊಂಬಿವಲಿಯಿಂದ:

ಹೀಗೆ ಬಾಗಿಲು ತೆರೆದಿಟ್ಟೇ ಕನ್ನಡ ಈ ಗತಿಗೆ ಬಂತು.

ವಾಸ್ಕೊದಿಂದ:

ಆ ಬಾಗಿಲಿನ ಚಾವಿ ಪೋರ್ಚುಗೀಸರದ್ದು ತಮ್ಮಾ. ಪಾರಸಿಯಿಂದ ಬಂದ ರಸ್ತೆ, ಕಾಗದ, ಅರ್ಜಿ ಇವನ್ನೂ ಹಿಂದಕ್ಕೆ ಕೊಟ್ಟು ನೀವು ಮುನಿಸಿಪಾಲಿಟಿಗೆ ಏನು ಬರೆಯುತ್ತೀರಿ ನೋಡೋಣ.

ಮಾಟುಂಗಾದಿಂದ:

ರಸ್ತೆಗೆ ಬೀದಿ ಇದೆ. ‘ಮಸೂರ’ದ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ಅದು ಮಸೂರ ಬೇಳೆ. ಲ್ಯಾಟಿನ್ನಿನ ‘ಲೆನ್ಸ್’ ಕೂಡ ಅದೇ ಬೇಳೆ. ಹೀಗೆ ಅರ್ಥ ಹಿಡಿದು ಪದ ಕಟ್ಟಬೇಕು.

ಠಾಣೆಯಿಂದ:

ಬೇಳೆ ಸಾಕು, ರಾಯರೇ. ಫಲಕಕ್ಕೆ ಹೋಗುತ್ತಿರುವುದು ಇಷ್ಟು. ತಲೆಬರಹ: ದೂರದರ್ಶಕ. 1. ಧ್ರುವಕ್ಕೆ ನಿಲ್ಲಿಸಿ (19 ಡಿಗ್ರಿ). 2. ಗುರಿಗಣ್ಣು ಕೂಡಿಸಿ. 3. ಮೊದಲು 25, ಆಮೇಲೆ 10ರ ಐಪೀಸು. 4. ಕನ್ನಡಿ ಶ್ರುತಿಯ ಸ್ಕ್ರೂಗಳನ್ನು ಟೀಚರ್ ಮಾತ್ರ ಮುಟ್ಟಬೇಕು. 5. ಸೂರ್ಯನನ್ನು ನೋಡಬೇಡಿ.

ವಾಸ್ಕೊದಿಂದ:

ಐದನೆಯದು ಮೊದಲನೆಯದಾಗಲಿ, ದೊಡ್ಡ ಅಕ್ಷರದಲ್ಲಿ. ‘ನೋಡಬೇಡಿ’ ಸಾಲದು, ‘ಸೂರ್ಯನತ್ತ ತಿರುಗಿಸಬೇಡಿ’ ಎಂದೇ ಬರೆಯಿರಿ. ಗುರಿ ಕೂಡಿಸುವುದು ಹಗಲಲ್ಲಿ, ಟವರು ಸೂರ್ಯನಿಗೆ ಬೆನ್ನು ಮಾಡಿ ನಿಂತಾಗ ಕಾಣುವಂಥದ್ದಿರಲಿ. ಕೆಲಸ ಮುಗಿದ ಕೂಡಲೆ ಕೊಳವೆಗೂ ಗುರಿಗಣ್ಣಿಗೂ ಮುಚ್ಚಳ ಹಾಕಬೇಕು. ಗುರಿಗಣ್ಣಿನದ್ದನ್ನೇ ಎಲ್ಲರೂ ಮರೆಯುವುದು. ಡಬ್ಬಿಯಲ್ಲಿ ಐಪೀಸಿಗೆ ತಿರುಗಿಸಿ ಹಾಕುವ ಸೂರ್ಯನ ಗಾಜು ಬಂದಿದ್ದರೆ ಇವತ್ತೇ ಎಸೆಯಿರಿ. ಕಾವಿಗೆ ಸೀಳಿಬಿಡುತ್ತದೆ, ಆಗ ಕಣ್ಣು ಅಲ್ಲೇ ಇರುತ್ತದೆ.