ಫೋನಿನ ಫೋಟೊ ಲ್ಯಾಪ್‌ಟಾಪಿಗೆ: ಪೆನ್‌ಡ್ರೈವ್ ಬಳಸಿದವರು ಅನುಭವ ಹೇಳಿ

ತಿಪಟೂರಿನಿಂದ: ತಂಗಿ ಮದುವೆಯ ಫೋಟೊ, ವಿಡಿಯೊ ಎಲ್ಲ ನನ್ನ ಫೋನಿನಲ್ಲಿವೆ. ಜಾಗ ತುಂಬಿಹೋಗಿದೆ. ಒಂದು ವಿಡಿಯೊನೇ 6 ಜಿಬಿ. ಫೋನಿಗೂ ಲ್ಯಾಪ್‌ಟಾಪಿಗೂ ಚುಚ್ಚಲು ಎರಡೂ ಕಡೆ ಪಿನ್ ಇರುವ ಒಟಿಜಿ ಪೆನ್‌ಡ್ರೈವ್ ತಗೊಳ್ಳಲಾ? ಬಳಸಿದವರು ಹೇಳಿ.

ಚಿಂತಾಮಣಿಯಿಂದ: ನಾನು ಮದುವೆ ಫೋಟೊ ತೆಗೆಯುವವನು. 1 ಟಿಬಿ ಅಂತ ಬರೆದಿದ್ದ ಪೆನ್‌ಡ್ರೈವ್ 499 ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಕ್ಕಿತು. ಫೋನಿಗೆ ಚುಚ್ಚಿದರೆ 1 ಟಿಬಿ ಅಂತಲೇ ತೋರಿಸಿತು. 90 ಜಿಬಿ ಕಾಪಿ ಆಯಿತು. ಫೈಲ್‌ಗಳ ಹೆಸರೆಲ್ಲ ಕಾಣಿಸಿದವು. ನಂಬಿ ಫೋನಿನಿಂದ ಅಳಿಸಿಬಿಟ್ಟೆ. ಮನೆಗೆ ಬಂದು ತೆರೆದರೆ ಧಾರೆಯ ಫೋಟೊ ಒಂದೂ ತೆರೆಯಲಿಲ್ಲ. ಒಳಗಿದ್ದದ್ದು 32 ಜಿಬಿಯ ಚಿಪ್. ದೊಡ್ಡದು ಅಂತ ಸುಳ್ಳು ತೋರಿಸುವ ಹಾಗೆ ಮಾಡಿದ್ದರು. ಬೆಂಗಳೂರಿಗೆ ಎರಡು ಸಲ ಓಡಾಡಿದೆ. ರಿಕವರಿಗೆ 3,500 ಕೊಟ್ಟೆ. ಚಿಪ್ಪಿನಲ್ಲಿ ಉಳಿದೇ ಇಲ್ಲದ್ದನ್ನು ಯಾರು ತೆಗೆದುಕೊಡುತ್ತಾರೆ? ಮದುವೆ ಮನೆಯವರಿಗೆ 8,000 ವಾಪಸ್ ಕೊಟ್ಟೆ. ಆ ತಾಯಿಯ ಮುಖ ಇವತ್ತಿಗೂ ಮರೆತಿಲ್ಲ. ಈಗ ಯಾವ ಡ್ರೈವ್ ತಂದರೂ ಮೊದಲು ಕಂಪ್ಯೂಟರಿನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯು ಅನ್ನೋ ಪ್ರೋಗ್ರಾಂ ಓಡಿಸುತ್ತೇನೆ. ಅದು ಡ್ರೈವ್ ಪೂರ್ತಿ ತುಂಬಿಸಿ ಮತ್ತೆ ಓದಿ ನೋಡುತ್ತದೆ.

ಗೌರಿಬಿದನೂರಿನಿಂದ: ನಾನು ಟೀಚರ್. ಅಂಗಡಿಯಲ್ಲೇ 950 ಕೊಟ್ಟು 128 ಜಿಬಿಯದು ತಂದೆ. ಕಂಪ್ಯೂಟರಿನಲ್ಲಿ 119 ಅಂತ ತೋರಿಸಿತು. ಅಂಗಡಿಯವರ ಹತ್ತಿರ ಜಗಳಕ್ಕೆ ಹೋದೆ. ತಪ್ಪು ನನ್ನದೇ. ಕೆಬಿ, ಎಂಬಿ, ಜಿಬಿ ಹೀಗೆ ಪ್ರತಿ ಹಂತಕ್ಕೂ ಕಂಪನಿ 1000ದ ಲೆಕ್ಕ ಹಾಕುತ್ತದೆ, ವಿಂಡೋಸ್ 1024ರ ಲೆಕ್ಕ. ನನ್ನ ಗೋಳು ಬೇರೆ. ವಾರ್ಷಿಕೋತ್ಸವದ 5 ಜಿಬಿ ವಿಡಿಯೊ ಹೋಗಲೇ ಇಲ್ಲ. ಡ್ರೈವ್ ಫ್ಯಾಟ್32 ಅನ್ನೋ ಫಾರ್ಮ್ಯಾಟ್‌ನಲ್ಲಿತ್ತು, ಅಂದರೆ ಫೈಲ್ ಜೋಡಿಸಿಡುವ ಒಂದು ವಿಧಾನ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಎನ್‌ಟಿಎಫ್‌ಎಸ್ ಅನ್ನೋ ಬೇರೆ ಫಾರ್ಮ್ಯಾಟ್ ಮಾಡಿದೆ, ನನ್ನ ಫೋನ್ ಓದಲಿಲ್ಲ. ಕೊನೆಗೆ ಎಕ್ಸ್‌ಫ್ಯಾಟ್ ಮಾಡಿದ ಮೇಲೆ ಎರಡೂ ಕಡೆ ನಡೆಯಿತು. ಎರಡು ಸಂಜೆ ಹಾಳು. ಪ್ರತಿ ಸಲ ಫಾರ್ಮ್ಯಾಟ್ ಮಾಡಿದಾಗ ಒಳಗಿದ್ದದ್ದೆಲ್ಲ ಹೋಗುತ್ತದೆ, ಅಲ್ವಾ.

ಮಾಲೂರಿನಿಂದ: ಇಷ್ಟೆಲ್ಲ ಯಾಕೆ? ನಾನು ಐದು ವರ್ಷದಿಂದ ಫೋನ್ ಜೊತೆ ಬಂದ ಕೇಬಲ್‌ನಲ್ಲೇ ಹಾಕುತ್ತಿದ್ದೇನೆ. ಫೈಲ್ ಟ್ರಾನ್ಸ್‌ಫರ್ ಒತ್ತಿದರೆ ಆಯಿತು. ಒಂದು ರೂಪಾಯಿ ಖರ್ಚಿಲ್ಲ. 499ಕ್ಕೆ 1 ಟಿಬಿ ಅಂದಾಗಲೇ ಗೊತ್ತಾಗಬೇಕಿತ್ತು. ಆಸೆ ಜಾಸ್ತಿ ಆದರೆ ಹೀಗೇ.

ಚಿಂತಾಮಣಿಯಿಂದ: ಸಾರ್, ಆಸೆ ಅನ್ನಬೇಡಿ. ಆ ತಿಂಗಳು ಎರಡು ಮದುವೆ ಕ್ಯಾನ್ಸಲ್ ಆಗಿದ್ದವು, ಕೈಯಲ್ಲಿ ಇದ್ದದ್ದೇ ಅಷ್ಟು. ಛತ್ರದಲ್ಲಿ ಫೋನ್ ತುಂಬಿದಾಗ ನಿಮ್ಮ ಕೇಬಲ್ಲನ್ನು ಯಾವ ಲ್ಯಾಪ್‌ಟಾಪಿಗೆ ಚುಚ್ಚಲಿ?

ಬಂಗಾರಪೇಟೆಯಿಂದ: ಪೆನ್‌ಡ್ರೈವ್ ಒಳ್ಳೆಯದೇ. ಆದರೆ ಝೆರಾಕ್ಸ್ ಅಂಗಡಿಗೆ ಮಾತ್ರ ಕೊಡಬೇಡಿ. ಮಗಳ ಅಂಕಪಟ್ಟಿ ಪ್ರಿಂಟ್ ಮಾಡಿಸೋಕೆ ಕೊಟ್ಟೆ. ವಾಪಸ್ ಬಂದಾಗ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿದ್ದವು. ವೈರಸ್. ಮಗಳು ಅತ್ತಳು. ಮಾರನೇ ದಿನ ಕಾಲೇಜಿನಲ್ಲಿ ದಾಖಲೆ ಕೊಡಬೇಕಿತ್ತು. ಪುಣ್ಯಕ್ಕೆ ಫೈಲ್‌ಗಳು ಅಡಗಿದ್ದವು ಅಷ್ಟೇ. ಅಣ್ಣನ ಮಗ ರಾತ್ರಿ ಹನ್ನೊಂದಕ್ಕೆ ಬಂದು ಅಡಗಿದ ಫೈಲ್ ಕಾಣುವಂತೆ ಮಾಡುವ ಅಟ್ರಿಬ್ ಅನ್ನೋ ವಿಂಡೋಸ್ ಕಮಾಂಡ್ ಹಾಕಿ ತೋರಿಸಿದ.

ಶಿರಾದಿಂದ: ನಾನು ಝೆರಾಕ್ಸ್ ಅಂಗಡಿ ಇಟ್ಟವನು. ಸುಮ್ನೆ ನಮ್ಮ ಮೇಲೆ ಹಾಕಬೇಡಿ. ದಿನಕ್ಕೆ ನಲವತ್ತು ಐವತ್ತು ಡ್ರೈವ್ ಬರುತ್ತವೆ. ವೈರಸ್ ಅವುಗಳಲ್ಲೇ ಬರುತ್ತದೆ. ಕಳೆದ ವರ್ಷ ನನ್ನ ಕಂಪ್ಯೂಟರಿಗೇ ಹಿಡಿಯಿತು. ಎರಡು ದಿನ ಅಂಗಡಿ ಬಾಗಿಲು ಹಾಕಿದೆ. ವಿಂಡೋಸ್ ಮತ್ತೆ ಹಾಕಿಸೋಕೆ 700. ಅದನ್ನು ಯಾರ ಹತ್ತಿರ ಕೇಳಲಿ?

ಬಂಗಾರಪೇಟೆಯಿಂದ: ನನ್ನ ಡ್ರೈವ್ ಹೊಸದು ಸಾರ್. ಮನೆಯಲ್ಲಿ ಬಿಟ್ಟರೆ ನಿಮ್ಮಂಥ ಅಂಗಡಿಯಲ್ಲಿ ಮಾತ್ರ ಚುಚ್ಚಿದ್ದು.

ಶಿರಾದಿಂದ: ನಿಮ್ಮ ಮನೆ ಕಂಪ್ಯೂಟರಿನಲ್ಲಿ ಆಂಟಿವೈರಸ್ ಇದೆಯಾ? ಅದನ್ನು ಮೊದಲು ಹೇಳಿ.