ಪಿನ್‌ಕೋಡ್ ಕೀ ಮಾತ್ರ ಅಳಿಸಿಹೋಗುತ್ತಿದೆ, ಎಸ್‌ಟಿಡಿ ಕೋಡ್ ಕೀ ಉಳಿಯುತ್ತಿದೆ (ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಅರೇ)

ಪ್ರಶ್ನೆ:
ಎರಡು ದಿನದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ, ಯಾರಾದರೂ ದಾರಿ ತೋರಿಸಿ. ಊರುಗಳ ಹಳೆಯ ಪಟ್ಟಿ, ಹೊಸ ಪಟ್ಟಿ ಎರಡೂ ಅರೇಗಳು, ಅಂದರೆ ಪ್ರತಿ ಊರಿಗೂ ಒಂದು ಗುರುತು (ಕೀ) ಇರುವ ಪಟ್ಟಿಗಳು. ಎರಡನ್ನೂ ಅರೇ_ಮರ್ಜ್ ಫಂಕ್ಷನ್‌ನಿಂದ ಸೇರಿಸುತ್ತೇನೆ. ಎಸ್‌ಟಿಡಿ ಕೋಡ್ ಕೀ ಆಗಿದ್ದರೆ ('080' ಬೆಂಗಳೂರು, '0821' ಮೈಸೂರು) ಎಲ್ಲ ಸರಿ. ಪಿನ್‌ಕೋಡ್ ಇಟ್ಟರೆ ('560001', '570001') ಕೀಗಳ ಜಾಗದಲ್ಲಿ 0, 1, 2 ಬರುತ್ತದೆ. ಎರಡಕ್ಕೂ ಕೋಟ್ ಹಾಕಿದ್ದೇನೆ. ಪಿಎಚ್‌ಪಿ 8.2.

ಉತ್ತರ:
ನೀವು ಕೋಟ್ ಹಾಕಿದ್ದು ನಿಜ, ಆದರೆ ಪಿಎಚ್‌ಪಿ ಅದನ್ನು ಉಳಿಸಿಕೊಂಡಿಲ್ಲ. ಸೇರಿಸುವ ಮೊದಲೇ ವಾರ್_ಡಂಪ್ (ಅರೇ ಒಳಗಿರುವುದನ್ನು ತೋರಿಸುವ ಫಂಕ್ಷನ್) ಮಾಡಿ ನೋಡಿ. '080' ಕೋಟ್ ಜೊತೆಗೇ ಕಾಣುತ್ತದೆ, 560001ಕ್ಕೆ ಕೋಟ್ ಇರುವುದಿಲ್ಲ.

ಅರೇಯ ಕೀ ಇಂಟಿಜರ್ (ಪೂರ್ಣಸಂಖ್ಯೆ) ಆಗಿರಬೇಕು, ಇಲ್ಲವೇ ಸ್ಟ್ರಿಂಗ್ (ಕೋಟ್ ಒಳಗಿನ ಪಠ್ಯ). ಸ್ಟ್ರಿಂಗ್ ನೋಡಲು ಅಪ್ಪಟ ಪೂರ್ಣಸಂಖ್ಯೆಯಂತಿದ್ದರೆ ಅದು ಇಂಟಿಜರ್ ಆಗಿಬಿಡುತ್ತದೆ. ಮುಂದೆ ಸೊನ್ನೆ, ಪ್ಲಸ್ ಗುರುತು ಅಥವಾ ಖಾಲಿ ಜಾಗ ಇದ್ದರೆ ಆಗುವುದಿಲ್ಲ. ನಿಮ್ಮ ಎಸ್‌ಟಿಡಿ ಕೋಡ್‌ಗಳನ್ನು ಕಾಪಾಡಿದ್ದು ಆ ಮೊದಲ ಸೊನ್ನೆ!

ಇನ್ನು ಅರೇ_ಮರ್ಜ್ ಇಂಟಿಜರ್ ಕೀಗಳಿಗೆ ಹೊಸದಾಗಿ 0ಯಿಂದ ನಂಬರ್ ಕೊಡುತ್ತದೆ. ಒಂದೇ ಪಿನ್‌ಕೋಡ್ ಎರಡೂ ಪಟ್ಟಿಯಲ್ಲಿದ್ದರೆ ಎರಡು ಸಲ ಬಂದಿರುತ್ತದೆ, ಅದನ್ನೂ ನೋಡಿಕೊಳ್ಳಿ. ಅದರ ಬದಲು ಅರೇ_ರಿಪ್ಲೇಸ್ ಬಳಸಿ. ಕೀ ಹಾಗೇ ಇರುತ್ತದೆ, ಆ ಕೀಗೆ ಹೊಸ ಪಟ್ಟಿಯಲ್ಲಿರುವುದು ಹಳೆಯದರ ಮೇಲೆ ಕೂರುತ್ತದೆ. ಪ್ಲಸ್ ಹಾಕಿಯೂ ಸೇರಿಸಬಹುದು, ಆದರೆ ಆಗ ಎಡಗಡೆಯದೇ ಉಳಿಯುತ್ತದೆ. ನಿಮಗೆ ಬೇಕಿರುವುದು ಅದಲ್ಲ, ಅಲ್ವಾ?

ಕೇಳಿದವರು:
ಅರೇ_ರಿಪ್ಲೇಸ್‌ನಿಂದ ಸರಿಹೋಯಿತು, ತುಂಬಾ ಥ್ಯಾಂಕ್ಸ್. ಆದರೆ ಫೋರ್‌ಈಚ್ (ಅರೇಯನ್ನು ಒಂದೊಂದಾಗಿ ಓದುವ ಲೂಪ್) ಒಳಗೆ ಕೀಯನ್ನು '560001' ಜೊತೆ ಮೂರು ಸಮಚಿಹ್ನೆ ಹಾಕಿ (ಇಂಟಿಜರ್, ಸ್ಟ್ರಿಂಗ್ ಎಂಬ ಬಗೆಯೂ ಒಂದೇ ಇರಬೇಕೆನ್ನುವ ಹೋಲಿಕೆ) ಹೋಲಿಸಿದರೆ ಯಾವತ್ತೂ ಫಾಲ್ಸ್. ಸ್ಟ್ರಿಂಗ್‌ಗೆ ಕಾಸ್ಟ್ ಮಾಡಿ (ಬದಲಾಯಿಸಿ) ಮತ್ತೆ ಕೀ ಆಗಿ ಇಟ್ಟೆ, ಆದರೂ ಅಷ್ಟೇ.

ಉತ್ತರ:
ಕೀ ಜಾಗಕ್ಕೆ ಹೋದ ಕೂಡಲೇ ಮತ್ತೆ ಇಂಟಿಜರ್ ಆಗುತ್ತದೆ, ಸುಮ್ನೆ ಶ್ರಮ. ಹೋಲಿಸುವ ಸಾಲಿನಲ್ಲಿ ಕಾಸ್ಟ್ ಮಾಡಿ. ಸ್ಟ್ರಿಂಗ್ ಕೀಯೇ ಬೇಕೆಂದರೆ ಮುಂದೆ ಒಂದು ಅಕ್ಷರ ಸೇರಿಸಿ.

ಇನ್ನೊಬ್ಬರ ಉತ್ತರ:
ಡೇಟಾಬೇಸ್‌ನಿಂದ ಓದುತ್ತಿದ್ದರೆ ಪಿನ್‌ಕೋಡ್ ಇಲ್ಲದ ಸಾಲುಗಳನ್ನು ದಯವಿಟ್ಟು ನೋಡಿ. ನಲ್ (ಏನೂ ಇಲ್ಲ ಎಂಬ ಗುರುತು) ಕೀ ಆದರೆ ಖಾಲಿ ಸ್ಟ್ರಿಂಗ್ ಆಗುತ್ತದೆ. ಅಂಥ ಹತ್ತು ಊರಿದ್ದರೂ ಕೊನೆಯದೊಂದೇ ಉಳಿಯುತ್ತದೆ, ನಿಮ್ಮ 8.2ರಲ್ಲಿ ಎರರ್ ಕೂಡ ಬರುವುದಿಲ್ಲ. ಟ್ರೂ, ಫಾಲ್ಸ್ ಕೊಟ್ಟರೆ 1, 0 ಆಗುತ್ತವೆ. ದಶಾಂಶ ಕೊಟ್ಟರೆ ಚುಕ್ಕಿಯ ನಂತರದ್ದು ಹೋಗುತ್ತದೆ. 8.1ರಿಂದ ಅದಕ್ಕೆ ಡೆಪ್ರಿಕೇಟೆಡ್ (ಇನ್ನು ಬಳಸಬೇಡಿ) ಎಂಬ ಸೂಚನೆ ಬರುತ್ತದೆ.

ಕೇಳಿದವರು:
ಈಗಲೇ ನೋಡಿದೆ. ನನ್ನ ಪಟ್ಟಿಯಲ್ಲಿ ಅಂಥ ನಾಲ್ಕು ಊರುಗಳಿದ್ದವು, ಉಳಿದದ್ದು ಒಂದೇ. ಅವನ್ನು ಬೇರೆ ಅರೇಗೆ ಹಾಕಿದ್ದೇನೆ.